ಸೆವಿಲ್‌ನಲ್ಲಿ ಸಂಜೆ 5ಕ್ಕೆ ನಡೆಯಲು ಹೊರಡಬೇಡಿ: ನಮ್ಮಪ್ಪನಿಗೆ ಆದದ್ದು

ಬೇಸಿಗೆ ರಜೆಯಲ್ಲಿ ತಂದೆ ತಾಯಿಯನ್ನು ದಕ್ಷಿಣ ಸ್ಪೇನ್‌ಗೆ ಕರೆದುಕೊಂಡು ಹೋಗಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜೇಬುಗಳ್ಳರ ಬಗ್ಗೆ ಎಲ್ಲರೂ ಹೇಳುತ್ತಾರೆ. ನಮಗೂ ಹೇಳಿದ್ದರು, ನಾವೂ ಪರ್ಸನ್ನು ಎದೆಗವಚಿಕೊಂಡೇ ಓಡಾಡಿದೆವು. ಆದರೆ ಆ ಊರಿನ ಗಡಿಯಾರದ ಬಗ್ಗೆ ಯಾರೂ ಹೇಳಿರಲಿಲ್ಲ.

ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅವ್ವ ರಾಯಚೂರಿನಿಂದ ಮೂರು ತಿಂಗಳಿಗೆ ಬಂದಿದ್ದರು. ಜೂನ್ ಕೊನೆಯ ವಾರ ನಾಲ್ಕು ದಿನ ಸೆವಿಲ್‌ಗೆ ಹೋದೆವು. ಅಲ್ಲಿಯವರು ಸೆವಿಯ್ಯಾ ಅನ್ನುತ್ತಾರೆ. ಬಿಸಿಲು ಜಾಸ್ತಿ ಇರುತ್ತೆ ಅಂದಾಗ ಅಪ್ಪ, "ರಾಯಚೂರಿನವರಿಗಿ ಬಿಸಲಿನ ಮಾತ ಹೇಳ್ತಿಯೇನೋ ತಮ್ಮಾ" ಅಂದಿದ್ದರು. ವಯಸ್ಸು 68. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತಾರೆ. ಬಿಪಿ ಮಾತ್ರೆ ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಅವರ ಧೈರ್ಯ ನೋಡಿ ನಾನೂ ಹೆಚ್ಚು ಯೋಚನೆ ಮಾಡಲಿಲ್ಲ.

ಮೊದಲ ದಿನ ಬೆಳಗ್ಗಿನ ಹೊತ್ತು ಬಹಳ ಚೆನ್ನಾಗಿ ಹೋಯಿತು. 1401ರಲ್ಲಿ ಕಟ್ಟಲು ತೀರ್ಮಾನಿಸಿ 1506ರಲ್ಲಿ ಮುಗಿಸಿದ ಸೆವಿಲ್ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚಿನ ಒಳಗೆ ಕಲ್ಲಿನ ತಂಪು. ಪಕ್ಕದ ಗೋಪುರ ಹಿರಾಲ್ದಾ ಮೊದಲು ಮಸೀದಿಯ ಮಿನಾರು. ಅಜಾನ್ ಕೂಗುವವರು ಕುದುರೆ ಮೇಲೆ ಕೂತೇ ಹತ್ತಲಿ ಅಂತ ಮೆಟ್ಟಿಲಿನ ಬದಲು 35 ಇಳಿಜಾರು ದಾರಿ ಮಾಡಿದ್ದಾರೆ ಅನ್ನುತ್ತಾರೆ. ಗೋಡೆ ಮೇಲೆ ಒಂದೊಂದಕ್ಕೂ ನಂಬರ್ ಇದೆ. ಅಪ್ಪ ಆ ನಂಬರುಗಳನ್ನು ಗಟ್ಟಿಯಾಗಿ ಎಣಿಸುತ್ತಾ, ನಮ್ಮಿಬ್ಬರಿಗಿಂತ ಮುಂದೆ ಹತ್ತಿಹೋದರು. ಮಧ್ಯಾಹ್ನ ಕಾಬೂಲಿ ಕಡಲೆ ಹಾಕಿದ ಪಾಲಕ್ ಪಲ್ಯ ಸಿಕ್ಕಿತು. ಅದು ಆ ಊರಿನದೇ ಅಡುಗೆ, ಅವ್ವನಿಗೆ ಮನೆ ಊಟದ ಹಾಗೇ ಅನಿಸಿತು. ಊಟ ಮುಗಿಸಿ ರೂಮಿಗೆ ಹೋಗಿ ಮಲಗಿದೆವು.

ನಾನು ಮುಂಗಡ ದುಡ್ಡು ಕಟ್ಟಿ ಒಂದು ಸಂಜೆ ನಡಿಗೆ ಬುಕ್ ಮಾಡಿದ್ದೆ. ಎರಡೂವರೆ ಗಂಟೆ, ಹಳೇ ಊರೆಲ್ಲ ಸುತ್ತಿಸಿ ಕೊನೆಗೆ ಪ್ಲಾಸಾ ದೆ ಎಸ್ಪಾನ್ಯಾ ಅನ್ನುವ ದೊಡ್ಡ ಚೌಕ ತೋರಿಸುತ್ತಾರೆ, ಶುರು ಸಂಜೆ 5 ಗಂಟೆಗೆ. ಬಿಸಿಲು ಇಳಿದಿರುತ್ತದೆ, ಅಪ್ಪ ಅವ್ವನಿಗೆ ಹಿತವಾಗಿರುತ್ತದೆ ಅಂತಲೇ ಆ ಹೊತ್ತು ಆರಿಸಿದ್ದೆ. ಇಡೀ ಎಡವಟ್ಟು ಆ 'ಸಂಜೆ' ಅನ್ನುವ ಒಂದು ಮಾತಿನಲ್ಲಿತ್ತು.

ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಜರ್ಮನಿಯ ಸಮಯಕ್ಕೆ ಸೇರಿಸಿಕೊಂಡಿತು, ಇವತ್ತಿಗೂ ಹಾಗೇ ಇದೆ. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ ಸೇರುತ್ತದೆ. ಸೆವಿಲ್ ಇರುವುದು ದೇಶದ ಪಶ್ಚಿಮದ ಕಡೆ. ಹೀಗಾಗಿ ಜೂನ್‌ನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಹೆಚ್ಚೂ ಕಡಿಮೆ ಎರಡೂವರೆಗೆ! ಮುಳುಗುವುದು ರಾತ್ರಿ ಒಂಬತ್ತೂಮುಕ್ಕಾಲಿಗೆ. ನಮ್ಮ ರಾಯಚೂರಿನಲ್ಲಿ ನಡುಹೊತ್ತು ಹನ್ನೆರಡೂವರೆಯೊಳಗೇ ಬಂದು ಹೋಗುತ್ತದೆ. ಅಂದರೆ ಅಲ್ಲಿಯ 5 ಗಂಟೆ ನಮ್ಮೂರಿನ ಮೂರು ಗಂಟೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಅಪ್ಪನನ್ನು ರಾಯಚೂರಿನ ಬೀದಿಯಲ್ಲಿ ಎರಡೂವರೆ ಗಂಟೆ ನಡೆಸುತ್ತೀಯಾ ಅಂತ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಅಲ್ಲಿ ದುಡ್ಡು ಕೊಟ್ಟು ಅದನ್ನೇ ಮಾಡಿದೆ.

ಶುರುವಿನಲ್ಲಿ ಏನೂ ಗೊತ್ತಾಗಲಿಲ್ಲ. ಸಿಯೆರ್ಪೆಸ್ ಬೀದಿಯಲ್ಲಿ ಬೇಸಿಗೆಗೆ ಮನೆಯಿಂದ ಮನೆಗೆ ಮೇಲೆ ಬಟ್ಟೆ ಕಟ್ಟಿರುತ್ತಾರೆ, ನಮ್ಮಲ್ಲಿ ಮದುವೆ ಮನೆ ಮುಂದೆ ಶಾಮಿಯಾನ ಹಾಕಿದ ಹಾಗೆ. ಸಾಂತಾ ಕ್ರೂಸ್‌ನ ಹಳೇ ಯಹೂದಿ ಕೇರಿಯಲ್ಲಿ ಎರಡು ಕೈ ಚಾಚಿದರೆ ಗೋಡೆ ಮುಟ್ಟುವಷ್ಟು ಸಣ್ಣ ಓಣಿಗಳಿವೆ. ಅಲ್ಲೂ ನೆರಳು. ಆ ಊರನ್ನು ಕಟ್ಟಿದವರಿಗೆ ಬಿಸಿಲು ಏನು ಅಂತ ಚೆನ್ನಾಗಿ ಗೊತ್ತಿತ್ತು. ಆದರೆ ನೆರಳು ಮುಗಿದ ಕಡೆ ಒಮ್ಮೆಲೇ ಮುಗಿಯುತ್ತದೆ. ದೊಡ್ಡ ರಸ್ತೆಗೆ ಬಂದಾಗ ಔಷಧಿ ಅಂಗಡಿಯ ಹಸಿರು ಪ್ಲಸ್ ಬೋರ್ಡಿನಲ್ಲಿ 43 ಡಿಗ್ರಿ ಅಂತ ಓಡುತ್ತಿತ್ತು. ಅರ್ಧಕ್ಕರ್ಧ ಅಂಗಡಿಗಳ ಶಟರ್ ಎಳೆದಿತ್ತು. ಬೀದಿಯಲ್ಲಿ ಟೋಪಿ ಹಾಕಿದ ಪ್ರವಾಸಿಗಳು ಬಿಟ್ಟರೆ ಆ ಊರಿನವರು ಒಬ್ಬರೂ ಇರಲಿಲ್ಲ. ಅದನ್ನು ನೋಡಿಯಾದರೂ ನಾನು ಅಲ್ಲೇ ನಿಲ್ಲಬೇಕಿತ್ತು.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಅಪ್ಪ ಬೆಳಿಗ್ಗೆಯಿಂದ ಬೇಕಂತಲೇ ನೀರು ಕುಡಿದಿರಲಿಲ್ಲ. ಅವ್ವ ಬಾಟಲಿ ಕೊಟ್ಟಾಗಲೆಲ್ಲ ಬಾಯಿ ಒದ್ದೆ ಮಾಡಿಕೊಂಡು ವಾಪಸ್ ಕೊಟ್ಟಿದ್ದರು. "ಬ್ಯಾಡವಾ, ಮತ್ತ ಒಂದಕ್ಕ ಎಲ್ಲಿ ಹೋಗ್ಲಿ? ಮಂದಿ ಎಲ್ಲಾ ಮುಂದ ಹೋಗ್ತಾರ" ಅಂದಿದ್ದರಂತೆ. ಮಗನಿಗೆ ಹೇಳಲು ಸಂಕೋಚ. ನಿಮ್ಮ ಮನೆಯ ಹಿರಿಯರೂ ಹೀಗೆ ಮಾಡುತ್ತಿರಬಹುದು, ಬಾಯಿ ಬಿಟ್ಟು ಕೇಳಿ. ಅವರು ತಗೊಳ್ಳುತ್ತಿದ್ದ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿಯೂ ಸೇರಿತ್ತು. ಅಂಥ ಮಾತ್ರೆ ತಗೊಳ್ಳುವವರ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ.

ಅಲ್ಲಿಯ ಬಿಸಿಲು ಒಣ ಬಿಸಿಲು. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಅಪ್ಪನ ನೀಲಿ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳೀ ಗೆರೆ, ಒಂದರೊಳಗೊಂದು, ಅಲೆಯ ಹಾಗೆ ಮೂಡಿತ್ತು. ನಾನು ಅದನ್ನು ಹಿಂದಿನಿಂದ ನೋಡಿದ್ದೆ. ನೋಡಿಯೂ ಗೈಡ್ ಹೇಳುತ್ತಿದ್ದ ಕಥೆ ಕೇಳುತ್ತಾ ನಡೆದೆ.

ಪ್ಲಾಸಾ ದೆ ಎಸ್ಪಾನ್ಯಾ ತಲುಪಿದಾಗ ಆರೂವರೆ. 1929ರ ದೊಡ್ಡ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು. ಅರ್ಧಚಂದ್ರದ ಆಕಾರದ ಕಟ್ಟಡ, ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಬಣ್ಣದ ಹೆಂಚಿನ ಆಸನ. ಕಣ್ಣಿಗೆ ಹಬ್ಬ, ನಿಜ. ಆದರೆ ಅದು ನದಿಯ ಕಡೆಗೆ, ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ನೇರ ಆ ಆಸನಗಳ ಮೇಲೇ ಬೀಳುತ್ತದೆ. ನಡುವೆ ಬಯಲು, ಒಂದು ಮರವಿಲ್ಲ. ಅಪ್ಪ ಒಂದು ಆಸನಕ್ಕೆ ಕೈ ಊರಿ ಕೂರಲು ಹೋದರು, ಹೆಂಚು ಕಾದ ಹಂಚಿನ ಹಾಗಿತ್ತು. ಆದರೂ ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ಬಸ್ ಬಂತೇನೋ?" ಅಂದರು. ಯಾವ ಬಸ್ ಅಪ್ಪಾ ಅಂದೆ. "ಮಾನ್ವಿ ಬಸ್" ಅಂದರು. ನಾಲಿಗೆ ತೊದಲುತ್ತಿತ್ತು. ಕತ್ತು ಮುಟ್ಟಿದರೆ ಬೆಂಕಿ, ಬೆವರಿನ ಒಂದು ಹನಿ ಇಲ್ಲ.

ಬೀಸಣಿಗೆ ಮಾರುತ್ತಿದ್ದ ಒಬ್ಬ ಹೆಂಗಸು ನನಗಿಂತ ಮೊದಲು ಅರ್ಥ ಮಾಡಿಕೊಂಡರು. ಅವರೂ ನಾನೂ ಸೇರಿ ಅಪ್ಪನನ್ನು ಕಮಾನಿನ ಒಳಗೆ ನೆರಳಿಗೆ ಒಯ್ದು ಮಲಗಿಸಿದೆವು. ಅವ್ವ ಬಾಯಿಗೆ ನೀರು ಹಾಕಲು ಹೋದರೆ ಆ ತಾಯಿ ಕೈ ಹಿಡಿದು ತಡೆದರು. ಪ್ರಜ್ಞೆ ಸರಿ ಇಲ್ಲದವರಿಗೆ ನೀರು ಕುಡಿಸಬಾರದು, ಶ್ವಾಸಕ್ಕೆ ಹೋಗಿಬಿಡುತ್ತದೆ. ಅಂಗಿ ಗುಂಡಿ ಬಿಚ್ಚಿ, ಇದ್ದಬದ್ದ ನೀರೆಲ್ಲ ಕುತ್ತಿಗೆ, ಕಂಕುಳು, ಎದೆಗೆ ಸುರಿದು, ಮಾರಾಟದ ಬೀಸಣಿಗೆಯಿಂದಲೇ ಎಡೆಬಿಡದೆ ಗಾಳಿ ಹಾಕಿದರು. ನಾನು 112ಕ್ಕೆ ಫೋನ್ ಮಾಡಿದೆ. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿದ್ದರೂ ಈ ನಂಬರ್ ಸಾಕು, ಉಚಿತ. ನಮ್ಮ ಕರೆಗೆ ಇಂಗ್ಲಿಷ್‌ನಲ್ಲೇ ಉತ್ತರ ಕೊಟ್ಟರು. ಆಂಬುಲೆನ್ಸಿನಲ್ಲಿ ನೋಡಿದಾಗ ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ (ನಮ್ಮ ಲೆಕ್ಕದಲ್ಲಿ 104) ದಾಟಿತ್ತು.

ಎರಡು ರಾತ್ರಿ ಆಸ್ಪತ್ರೆ, ಸಲೈನ್. ಕಿಡ್ನಿಗೂ ಸ್ವಲ್ಪ ಪೆಟ್ಟು ಬಿದ್ದಿತ್ತು, ಪುಣ್ಯಕ್ಕೆ ಸರಿಹೋಯಿತು. ಇನ್ಶೂರೆನ್ಸ್ ಕಾಗದ ರೂಮಿನ ಸೂಟ್‌ಕೇಸಿನಲ್ಲಿತ್ತು, ಅದಕ್ಕಾಗಿ ಅವ್ವನನ್ನು ಒಬ್ಬಳನ್ನೇ ಬಿಟ್ಟು ಓಡಬೇಕಾಯಿತು. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) 30,000 ಯೂರೋ ವಿಮೆ ಹೇಗೂ ಮಾಡಿಸಿರುತ್ತೀರಿ, ಅದರ ಫೋಟೋ ಫೋನಿನಲ್ಲಿರಲಿ, ಮಾತ್ರೆಗಳ ಚೀಟಿಯದೂ ಇರಲಿ. ನಡಿಗೆಯ ಕಂಪನಿ ನಯಾಪೈಸೆ ವಾಪಸ್ ಕೊಡಲಿಲ್ಲ. ಅದರ ಹೆಸರು ಇಲ್ಲಿ ಬೇಡ. ಯಾರ ಹತ್ತಿರ ಬುಕ್ ಮಾಡಿದರೂ ಗಂಟೆ ನೋಡಿ ಮಾಡಿ.

ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ, ಅಂಥ ಊರು ಅದು. ಆದರೆ ಬೇಸಿಗೆಯಾದರೆ ಮಧ್ಯಾಹ್ನ ಒಂದರೊಳಗೆ ಹೊರಗಿನ ಸುತ್ತಾಟ ಮುಗಿಸಿ, ರಾತ್ರಿ ಎಂಟೂವರೆ ತನಕ ಒಳಗಿರಿ. ಸಾಧ್ಯವಿದ್ದರೆ ಮಾರ್ಚ್ ಅಥವಾ ನವೆಂಬರ್‌ನಲ್ಲಿ ಹೋಗಿ. ಪ್ಲಾಸಾ ದೆ ಎಸ್ಪಾನ್ಯಾಕ್ಕೆ ಎದುರಿನ ಮರಿಯಾ ಲೂಯಿಸಾ ಪಾರ್ಕಿನ ಮರಗಳ ನಡುವೆ ಹೋಗಿ, ಅದೂ ಬೆಳಿಗ್ಗೆ. ಹೋಟೆಲಿನಲ್ಲಿ 'ಅಗ್ವಾ ದೆಲ್ ಗ್ರೀಫೋ' ಅಂತ ಕೇಳಿ, ನಲ್ಲಿ ನೀರು. 2022ರ ಕಾನೂನಿನ ಪ್ರಕಾರ ಗಿರಾಕಿಗಳಿಗೆ ಅದನ್ನು ಪುಕ್ಕಟೆ ಕೊಡಲೇಬೇಕು. ಗಂಟೆಗೊಮ್ಮೆ ಒಂದು ಕಾಫಿ ನೆಪದಲ್ಲಿ ಒಳಗೆ ಕೂರಿಸಿ, ಶೌಚಾಲಯದ ಚಿಂತೆಯೂ ತೀರುತ್ತದೆ. ಬಿಪಿ, ಶುಗರ್ ಇದ್ದವರು ಬಿಸಿಲಿನ ಊರಿಗೆ ಹೊರಡುವ ಮೊದಲು ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ, ತಾವಾಗಿ ನಿಲ್ಲಿಸಬೇಡಿ.

ಹೊರಡುವ ಹಿಂದಿನ ರಾತ್ರಿ ಅಪ್ಪ ತಾವೇ ಹೊರಗೆ ಹೋಗೋಣ ಅಂದರು. ಹತ್ತೂವರೆ ಆಗಿತ್ತು. ಚರ್ಚಿನ ಮುಂದಿನ ಚೌಕದಲ್ಲಿ ಹುಡುಗರು ಚೆಂಡು ಆಡುತ್ತಿದ್ದರು, ಅಜ್ಜಿಯರು ಸಾಲಾಗಿ ಕೂತು ಬೀಸಣಿಗೆ ಬೀಸುತ್ತಾ ಹರಟುತ್ತಿದ್ದರು. ಇಡೀ ಊರು ಆಗ ಎದ್ದು ಬಂದಂತಿತ್ತು. ಅಪ್ಪ ಕಲ್ಲಿನ ಕಟ್ಟೆ ಮೇಲೆ ನಿಧಾನಕ್ಕೆ ಕೂತು, ಅಂಗೈ ಊರಿ, ಅವ್ವನ ಕಡೆ ನೋಡಿದರು. "ಇನ್ನಾ ಬೆಚ್ಚಗ ಅದ ನೋಡು" ಅಂದರು. ಅವ್ವ ಬಾಟಲಿ ಮುಚ್ಚಳ ತೆಗೆದು ಕೊಟ್ಟಳು. ಅರ್ಧ ಬಾಟಲಿ ಕುಡಿದರು.