ಅಡಿಕೆ ಮೊಳಕೆಗೆ ಮರಳು, ಕೊಟ್ಟೆ, ಜಿಪ್ ಕವರ್: ಯಾವುದು ವಾಸಿ?

ಒಂದೇ ಮರದ ಹಣ್ಣಡಿಕೆಯನ್ನು ಮೂರು ಪಾಲು ಮಾಡಿ, ಮೂರು ರೀತಿಯಲ್ಲಿ ಮೊಳಕೆಗೆ ಇಟ್ಟು ನೋಡಿದೆ. ನನ್ನ ಮತ ಮರಳಿಗೆ.

ವಿಧಾನ ಯಾವುದೇ ಆಗಲಿ, ಬೀಜ ಸರಿ ಇರಬೇಕು. ಚೆನ್ನಾಗಿ ಹಣ್ಣಾದ, 35 ಗ್ರಾಂಗಿಂತ ಜಾಸ್ತಿ ತೂಗುವ ಅಡಿಕೆ ಬೇಕು. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವಂಥವನ್ನೇ ಆರಿಸಿಕೊಳ್ಳಿ. ಸಿಪ್ಪೆ ಸುಲಿಯಬೇಡಿ, ಒಣಗಿಸಲೂ ಬೇಡಿ. ಒಣಗಿದ ಅಡಿಕೆ ಮೊಳೆಯುವುದಿಲ್ಲ.

ಜಿಪ್ ಕವರಿನಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ತುಂಬಿ ಇಡುವುದು ಪೇಟೆಯವರಿಗೆ ಸುಲಭ. ಬೆಚ್ಚಗಿರುತ್ತದೆ, ನೀರು ಹಾಕುವ ಕೆಲಸವಿಲ್ಲ. ನನಗೆ ಮೊದಲು ಮೊಳಕೆ ಕಂಡದ್ದೂ ಇಲ್ಲೇ. ಆದರೆ ಗಾಳಿಯಾಡದೆ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ. ಬೇರುಗಳು ಒಂದಕ್ಕೊಂದು ಹೆಣೆದುಕೊಂಡು, ಬಿಡಿಸುವಾಗ ಮುರಿಯುತ್ತವೆ.

ನೇರವಾಗಿ ಪ್ಲಾಸ್ಟಿಕ್ ಕೊಟ್ಟೆಗೆ, ಅಂದರೆ ಮಣ್ಣು ತುಂಬಿದ ಚೀಲಕ್ಕೆ, ಹಾಕಿದರೆ ಕಿತ್ತು ನೆಡುವ ತಾಪತ್ರಯವಿಲ್ಲ. ನಾಲ್ಕಾರು ಸಸಿ ಸಾಕು ಅನ್ನುವವರಿಗೆ ಇದೇ ಸಾಕು. ಜಾಸ್ತಿ ಬೇಕಾದರೆ ಮಾತ್ರ ಕಷ್ಟ. ಯಾವುದು ಮೊಳೆಯುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ? ಸತ್ತ ಬೀಜಕ್ಕೂ ಮಣ್ಣು, ಗೊಬ್ಬರ, ಜಾಗ, ನೀರು ಸುಮ್ನೆ ಖರ್ಚಾಗುತ್ತದೆ.

ಮರಳು ಪಾತಿಯಲ್ಲಿ ಆ ಚಿಂತೆಯಿಲ್ಲ. ನೆರಳಿನಲ್ಲಿ ಪಾತಿ ಮಾಡಿ, ಸುಮಾರು 5 ಸೆಂ.ಮೀ. ಅಂತರದಲ್ಲಿ ತೊಟ್ಟು ಮೇಲಾಗಿ ಅಡಿಕೆ ಕೂರಿಸಬೇಕು. ಮೊಳಕೆ ಏಳುವುದು ತೊಟ್ಟಿನ ಕಡೆಯಿಂದಲೇ. ಅಡಿಕೆ ಮುಚ್ಚುವಷ್ಟು ಮಾತ್ರ ಮರಳು ಹಾಕಿ, ದಿನಾ ನೀರು ಚಿಮುಕಿಸಿ. ಹೆಚ್ಚಾದ ನೀರು ಬಸಿದು ಹೋಗುವುದರಿಂದ ಕೊಳೆಯುವುದು ಕಡಿಮೆ. ಸುಮಾರು 40 ದಿನಕ್ಕೆ ಮೊಳಕೆ ಶುರುವಾಗುತ್ತದೆ, ಮೂರು ತಿಂಗಳಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ನನಗೆ ಮರಳು ಇಷ್ಟವಾಗಲು ದೊಡ್ಡ ಕಾರಣ ಬೇರೆ ಇದೆ. ಎಲ್ಲ ಮೊಳಕೆಗಳನ್ನೂ ಪಕ್ಕಪಕ್ಕದಲ್ಲಿ ನೋಡಿ, ಬೇಗ ಎದ್ದ, ದಪ್ಪ ಬುಡದ ಸಸಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಹತ್ತಾರು ವರ್ಷ ಫಸಲು ಕೊಡಬೇಕಾದ ಮರವಿದು, ಬಡಕಲು ಸಸಿಯನ್ನು ಉಳಿಸಿಕೊಳ್ಳಬಾರದು. ಎರಡು ಎಲೆ ಬಂದಾಗ ಮೆಲ್ಲಗೆ ಎತ್ತಿದರೆ ಬೇರು ಮುರಿಯದೆ ಬರುತ್ತದೆ. ಆಗ ಕೊಟ್ಟೆಗೆ ಹಾಕಿ.

ಖರ್ಜೂರದ ಬೀಜಕ್ಕಾದರೆ ಜಿಪ್ ಕವರೇ ಚೆನ್ನ. ತಿರುಳು ಪೂರ್ತಿ ತೊಳೆದರೆ ಬೂಷ್ಟಿನ ಕಾಟ ಕಡಿಮೆ. ಆದರೆ ಮೊಳಕೆ ಕಂಡ ಕೂಡಲೇ ಆಳವಾದ ಕುಂಡಕ್ಕೆ ಬದಲಿಸಿ. ಅದು ಮೊದಲು ಕೆಳಗಿಳಿದು, ಬೀಜದಿಂದ ದೂರದಲ್ಲಿ ಎಲೆ ಎಬ್ಬಿಸುವ ಜಾತಿ.