4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಸೈಬರ್‌ಪಂಕ್: ಯಾವ ದಾರಿ ಹಿಡಿದರೆ ಆಟ ಸರಾಗ?

ಸೈಬರ್‌ಪಂಕ್ 2077 ಎಂಬ ವಿಡಿಯೊ ಗೇಮ್ ಆಡಲು ಕನಿಷ್ಠ 6 ಜಿಬಿ ವಿಡಿಯೊ ಮೆಮೊರಿ, ಅಂದರೆ ಗ್ರಾಫಿಕ್ಸ್ ಚಿಪ್‌ನ ಸ್ವಂತ ಮೆಮೊರಿ ಬೇಕು. ಹೀಗಂತ 2023ರಲ್ಲಿ ಅದನ್ನು ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯೇ ಹೇಳಿತು. ಜೊತೆಗೆ 12 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್, ಅದೂ 4 ಜಿಬಿಯದು. ರೈಜನ್ 5 5600ಎಚ್ ಪ್ರೊಸೆಸರ್, 1080ಪಿ ಪರದೆ, 144 ಹರ್ಟ್ಸ್. ಓದಿಗೆ, ಕೆಲಸಕ್ಕೆ ಎಂದು ತಗೊಂಡು ರಾತ್ರಿ ಆಟಕ್ಕೂ ಅದನ್ನೇ ಬಳಸುವವರ ಹತ್ತಿರ ಇರುವುದು ಇಂಥದ್ದೇ ಅಲ್ವಾ?

ಕಂಪನಿಯ ಲೆಕ್ಕದ ಪ್ರಕಾರ ಈ ಆಟ ಇದರಲ್ಲಿ ಓಡಬಾರದು. ಆದರೆ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಅದಕ್ಕೆ ದಾರಿಗಳು ಹಲವು: ರೆಸಲ್ಯೂಶನ್ ಇಳಿಸುವುದು, ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಎಂಬ ಅಪ್‌ಸ್ಕೇಲರ್‌ಗಳು (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವ ತಂತ್ರಗಳು), ಫ್ರೇಮ್ ಜನರೇಶನ್, ಫ್ರೇಮ್‌ಗೆ ಮಿತಿ ಹಾಕುವುದು, ಬಿಸಿ ಇಳಿಸುವುದು. ಎಲ್ಲವನ್ನೂ ಒಂದೇ ಜಾಗಗಳಲ್ಲಿ ನೋಡಿದ್ದೇನೆ. ಮೊದಲು ಆಟದೊಳಗಿನ ಬೆಂಚ್‌ಮಾರ್ಕ್, ಆಮೇಲೆ ರಾತ್ರಿ ಹೊತ್ತು ಜಿಗ್-ಜಿಗ್ ಸ್ಟ್ರೀಟ್, ಕೊನೆಗೆ ಫ್ಯಾಂಟಮ್ ಲಿಬರ್ಟಿ ಎಂಬ ವಿಸ್ತರಣೆಯ ಡಾಗ್‌ಟೌನ್. ಬೆಂಚ್‌ಮಾರ್ಕ್ ಒಂದನ್ನೇ ನಂಬಬೇಡಿ. ಅದು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಇಂಥ ಲ್ಯಾಪ್‌ಟಾಪ್‌ಗೆ ಕಷ್ಟ ಶುರುವಾಗುವುದು ಅರ್ಧ ಗಂಟೆ ಆದಮೇಲೆ.

ಯಾಕೆಂದರೆ ಮೊದಲು ತುಂಬುವುದು ವಿಡಿಯೊ ಮೆಮೊರಿ. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಹೈ ಇಟ್ಟರೂ ಮೀಡಿಯಂ ಇಟ್ಟರೂ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ. ಅದನ್ನು ನೋಡಿ ಹೈ ಇಟ್ಟುಬಿಡೋಣ ಅನಿಸುತ್ತದೆ. ಆದರೆ ಹೈನಲ್ಲಿ ಕಾರು ಹತ್ತಿ ಊರು ಸುತ್ತುವಾಗ, ಹೊಸ ಬೀದಿಗೆ ತಿರುಗಿದಾಗೆಲ್ಲ ಚಿತ್ರ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. 4 ಜಿಬಿಯಲ್ಲಿ ಹಿಡಿಸದ್ದನ್ನು ಸಿಸ್ಟಮ್ ರ‍್ಯಾಮ್‌ನಲ್ಲಿ ಇಟ್ಟು, ಬೇಕಾದಾಗೆಲ್ಲ ಅಲ್ಲಿಂದ ತರಬೇಕಾಗುತ್ತದೆ. ಅಡುಗೆಕಟ್ಟೆ ಚಿಕ್ಕದಾಯಿತೆಂದು ಅರ್ಧ ಪಾತ್ರೆ ಹಿತ್ತಲಲ್ಲಿಟ್ಟು ಓಡಾಡಿದ ಹಾಗೆ. ಕೈ ಎಷ್ಟೇ ಚುರುಕಿರಲಿ, ಓಡಾಟಕ್ಕೆ ಹೊತ್ತು ಹೋಗಿಯೇ ಹೋಗುತ್ತದೆ. ಮೀಡಿಯಂಗೆ ಇಳಿಸಿದರೆ ಈ ತಡೆ ಬಹುಪಾಲು ಹೋಗುತ್ತದೆ. ಗೋಡೆ ಮೇಲಿನ ಪೋಸ್ಟರ್‌ನ ಅಕ್ಷರ ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ಈ ಆಯ್ಕೆ ಆಟದ ನಡುವೆ ಬದಲಾಗುವುದಿಲ್ಲ, ಮೇನ್ ಮೆನುಗೆ ಹೋಗಿಯೇ ಬದಲಿಸಬೇಕು. ಸೇವ್ ತೆರೆದು ಹುಡುಕಿದರೆ ಆ ಸಾಲು ಮಸುಕಾಗಿ ಕಾಣುತ್ತದೆ.

ಇದೇ ಕಾರಣಕ್ಕೆ ಹಿಂದೆ ಕ್ರೋಮ್ ತೆರೆದಿಟ್ಟು ಆಡಬೇಡಿ. ಅದೂ ಅದೇ ಮೆಮೊರಿಯಲ್ಲಿ ಪಾಲು ಕೇಳಬಹುದು. ಪರದೆಯನ್ನು ಯಾವ ಗ್ರಾಫಿಕ್ಸ್ ಚಿಪ್‌ಗೆ ಜೋಡಿಸಬೇಕು ಎಂದು ಆರಿಸಲು ಬಿಡುವ ಮಕ್ಸ್ ಸ್ವಿಚ್ ಇರುವ ಲ್ಯಾಪ್‌ಟಾಪ್ ಆಗಿದ್ದರೆ ಇನ್ನೊಂದು ವಿಷಯವಿದೆ. ಪರದೆಯನ್ನು ನೇರವಾಗಿ ಎನ್‌ವಿಡಿಯಾ ಚಿಪ್‌ಗೆ ಜೋಡಿಸಿದರೆ ಕೆಲವು ಫ್ರೇಮ್ ಜಾಸ್ತಿ ಸಿಗುತ್ತವೆ. ಆದರೆ ವಿಂಡೋಸ್ ಡೆಸ್ಕ್‌ಟಾಪ್ ಕೂಡ ಅದೇ 4 ಜಿಬಿಯಲ್ಲಿ ಕೂರುತ್ತದೆ. 8 ಜಿಬಿ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ, ನಮಗೆ ಲೆಕ್ಕಕ್ಕಿದೆ.

ಇನ್ನು ನಿಜವಾದ ಹೋಲಿಕೆಗೆ ಬರೋಣ. ಸೆಟ್ಟಿಂಗ್ ಎಲ್ಲ ಮೀಡಿಯಂ ಇಟ್ಟು, ಯಾವ ಅಪ್‌ಸ್ಕೇಲರ್ ಕೂಡ ಇಲ್ಲದೆ 1080ಪಿಯಲ್ಲಿ ಆಡಿದರೆ ಸಿಗುವುದು 40 ಎಫ್‌ಪಿಎಸ್‌ನ ಆಸುಪಾಸು. ಜನ ಜಾಸ್ತಿ ಇರುವ ಕಡೆ ಅದಕ್ಕಿಂತ ಕೆಳಗೆ. ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸುವುದು. ವೇಗ ಬರುತ್ತದೆ, ಅನುಮಾನವಿಲ್ಲ. ಆದರೆ 1080ಪಿ ಪರದೆಯಲ್ಲಿ 720ಪಿ ಚಿತ್ರ ಸರಿಯಾಗಿ ಕೂರುವುದಿಲ್ಲ. ಒಂದು ಚುಕ್ಕಿ ಒಂದೂವರೆ ಚುಕ್ಕಿಯಷ್ಟು ಜಾಗಕ್ಕೆ ಹಿಗ್ಗಬೇಕು. ಹಾಗಾಗಿ ಪರದೆ ತುಂಬ ಮಬ್ಬು. ಸಂಭಾಷಣೆಯ ಅಕ್ಷರ, ಮ್ಯಾಪು, ಫೋನಿಗೆ ಬರುವ ಮೆಸೇಜು, ಎಲ್ಲವೂ ಕಣ್ಣಿಗೆ ತ್ರಾಸು.

ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಹಂತ ಕೂಡ ಒಳಗೆ ಚಿತ್ರ ಬಿಡಿಸುವುದು ಅದೇ 1280x720 ಚುಕ್ಕಿಗಳಲ್ಲಿ! ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಬೇರೆ ಯಂತ್ರದಲ್ಲಿ ಆಡಿದ ಹಾಗಿರುತ್ತದೆ. ಹಿಂದಿನ ಫ್ರೇಮ್‌ಗಳಲ್ಲಿ ಕಂಡದ್ದನ್ನೂ, ಯಾವ ವಸ್ತು ಯಾವ ಕಡೆ ಸರಿಯಿತು ಅನ್ನುವುದನ್ನೂ ಸೇರಿಸಿ ಅದು 1080ಪಿ ಚಿತ್ರ ಕಟ್ಟುತ್ತದೆ. ಅಕ್ಷರ, ಮ್ಯಾಪು ಇವೆಲ್ಲ ಪೂರ್ತಿ 1080ಪಿಯಲ್ಲೇ ಬರುತ್ತವೆ. ಎಫ್‌ಪಿಎಸ್ 55ರ ಆಸುಪಾಸಿಗೆ ಏರುತ್ತದೆ. ನೇರ 720ಪಿಗಿಂತ ಕೆಲವು ಫ್ರೇಮ್ ಕಡಿಮೆ, ಯಾಕೆಂದರೆ ಈ ಲೆಕ್ಕಾಚಾರಕ್ಕೂ ಸಮಯ ಬೇಕು. ಆ ಕೆಲವು ಫ್ರೇಮ್‌ಗಳನ್ನು ಸಂತೋಷವಾಗಿ ಬಿಟ್ಟುಕೊಡಬಹುದು. ಆರ್‌ಟಿಎಕ್ಸ್ ಅಂತ ಹೆಸರಿರುವ ಯಾವ ಚಿಪ್ ಇದ್ದರೂ ರೆಸಲ್ಯೂಶನ್ ಇಳಿಸುವ ದಾರಿಯನ್ನು ಮರೆತುಬಿಡಿ.

2025ರ ಜನವರಿಯಲ್ಲಿ ಬಂದ 2.21 ಅಪ್‌ಡೇಟ್‌ನಿಂದ ಈ ಆಟದಲ್ಲಿ ಡಿಎಲ್‌ಎಸ್‌ಎಸ್‌ಗೆ ಎರಡು ಮಾದರಿಗಳಿವೆ. ಹಳೆಯದು ಸಿಎನ್‌ಎನ್, ಹೊಸದು ಟ್ರಾನ್ಸ್‌ಫಾರ್ಮರ್. ಹೊಸದರಲ್ಲಿ ಚಿತ್ರ ನಿಜಕ್ಕೂ ಸ್ಪಷ್ಟ. ಓಡುವ ಕಾರಿನ ಹಿಂದೆ ನೆರಳಿನಂಥ ಎಳೆ ಕಡಿಮೆ, ದೂರದ ಕಂಬಿ ತಂತಿ ನಡುಗುವುದಿಲ್ಲ. ಆದರೆ 3050 ಸೇರಿದ 30 ಸರಣಿಯ ಚಿಪ್‌ಗೆ ಅದರ ಹೊರೆ ಜಾಸ್ತಿ. ನಾನು ಉಳಿಸಿಕೊಂಡದ್ದು ಟ್ರಾನ್ಸ್‌ಫಾರ್ಮರ್ ಜೊತೆ ಕ್ವಾಲಿಟಿಗಿಂತ ಒಂದು ಹಂತ ಕೆಳಗಿನ ಬ್ಯಾಲೆನ್ಸ್ಡ್. ಒಳಗಿನ ಚಿತ್ರ 720ಪಿಗಿಂತ ಚಿಕ್ಕದಾದರೂ ಕಣ್ಣಿಗೆ ಹಳೆಯ ಕ್ವಾಲಿಟಿಗಿಂತ ಚೆನ್ನಾಗಿ ಕಾಣುತ್ತದೆ, ವೇಗವೂ ಅಷ್ಟೇ ಇರುತ್ತದೆ.

ಎಎಮ್‌ಡಿಯ ಎಫ್‌ಎಸ್‌ಆರ್‌ನ (3ನೇ ಆವೃತ್ತಿಯವರೆಗಿನದ್ದರ) ದೊಡ್ಡ ಗುಣ ಅಂದರೆ ಅದು ಯಾವ ಚಿಪ್‌ನಲ್ಲೂ ಓಡುತ್ತದೆ. ಜಿಟಿಎಕ್ಸ್ 1650 ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಡಿಎಲ್‌ಎಸ್‌ಎಸ್ ಸಿಗುವುದೇ ಇಲ್ಲ, ಅವರಿಗೆ ಇದು ದೊಡ್ಡ ಆಸರೆ. ವೇಗದಲ್ಲಿ ನನಗೆ ಡಿಎಲ್‌ಎಸ್‌ಎಸ್‌ಗಿಂತ ಹಿಂದೆ ಬಿದ್ದಂತೆ ಕಾಣಲಿಲ್ಲ. ಚಿತ್ರದಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಕೂದಲು, ಜಾಲರಿ, ಮಳೆ, ನಿಯಾನ್ ದೀಪ ಇವೆಲ್ಲ ಚಡಪಡಿಸುತ್ತವೆ. ಆಟದ ಊರಾದ ನೈಟ್ ಸಿಟಿಯಲ್ಲಿ ಇರುವುದೇ ಇವಲ್ವಾ! 4ಕೆ ಟಿವಿಯಲ್ಲಿ ಇದು ಅಷ್ಟು ಕಾಣದಿರಬಹುದು. 1080ಪಿಯಲ್ಲಿ ಅದರ ಕೈಗೆ ಸಿಗುವ ಚುಕ್ಕಿಗಳೇ ಕಡಿಮೆ.

ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಈ ಎರಡರ ನಡುವೆ ನಿಲ್ಲುತ್ತದೆ. ಚಿತ್ರ ಎಫ್‌ಎಸ್‌ಆರ್‌ಗಿಂತ ಶಾಂತ, ಆದರೆ ಇಂಟೆಲ್ ಅಲ್ಲದ ಚಿಪ್‌ನಲ್ಲಿ ವೇಗ ಕಡಿಮೆ. ಹೋಲಿಸುವಾಗ ಒಂದು ಎಚ್ಚರ ಬೇಕು. 1.3 ಆವೃತ್ತಿಯಿಂದ ಇದರ ಕ್ವಾಲಿಟಿ ಅಂದರೆ 1.7 ಪಟ್ಟು ಹಿಗ್ಗಿಸುವುದು. ಉಳಿದೆರಡರ ಕ್ವಾಲಿಟಿ 1.5 ಪಟ್ಟು. ಹೆಸರು ಒಂದೇ ಇದೆ ಎಂದು ಜೊತೆಗಿಟ್ಟರೆ ಅಳತೆಯೇ ತಪ್ಪುತ್ತದೆ. ಇದರ ಅಲ್ಟ್ರಾ ಕ್ವಾಲಿಟಿಯನ್ನು ಅವುಗಳ ಕ್ವಾಲಿಟಿ ಜೊತೆ ಇಟ್ಟು ನೋಡಬೇಕು.

ಈಗ ಫ್ರೇಮ್ ಜನರೇಶನ್. ಎನ್‌ವಿಡಿಯಾದ ಸ್ವಂತದ್ದು 40 ಸರಣಿಗಿಂತ ಕೆಳಗಿನ ಚಿಪ್‌ಗೆ ಸಿಗುವುದಿಲ್ಲ. ಎಎಮ್‌ಡಿಯದ್ದು 2024ರಲ್ಲಿ ಈ ಆಟಕ್ಕೆ ಬಂತು, ನಮ್ಮಂಥ ಚಿಪ್‌ನಲ್ಲೂ ಓಡುತ್ತದೆ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ತಾನೇ ಕಟ್ಟಿ ಸೇರಿಸುತ್ತದೆ. ಮೂಲೆಯ ಅಂಕಿ 80 ದಾಟಿದಾಗ ಖುಷಿಯಾಗುತ್ತದೆ. ಬಂದೂಕು ಎತ್ತಿ ಗುರಿ ಹಿಡಿದರೆ ಗೊತ್ತಾಗುತ್ತದೆ, ಮೌಸು ತಿರುಗಿಸಿದ್ದಕ್ಕೂ ಚಿತ್ರ ತಿರುಗುವುದಕ್ಕೂ ನಡುವೆ ಅಂತರವಿದೆ. ಯಾಕೆಂದರೆ ಆಟ ನಿಮ್ಮ ಕೈಯ ಮಾತು ಕೇಳುವುದು ನಿಜವಾದ ಫ್ರೇಮ್‌ನಲ್ಲಿ ಮಾತ್ರ. ಇದನ್ನು ಹಚ್ಚುವ ಮೊದಲು 60 ಎಫ್‌ಪಿಎಸ್ ಇರಬೇಕು ಎಂದು ಎಎಮ್‌ಡಿ ಕೂಡ ಹೇಳುತ್ತದೆ. ನಮ್ಮಲ್ಲಿ ಅದೇ ಇಲ್ಲ. ಮೇಲಾಗಿ ಇದಕ್ಕೂ ವಿಡಿಯೊ ಮೆಮೊರಿ ಬೇಕು. 4 ಜಿಬಿ ಮೊದಲೇ ತುಂಬಿರುವಾಗ ನಿಜವಾದ ಫ್ರೇಮ್‌ಗಳೇ ಕಡಿಮೆಯಾಗುತ್ತವೆ. ಸುಮ್ನೆ ಕಾರು ಓಡಿಸಿಕೊಂಡು ಊರು ನೋಡುವುದಾದರೆ ಹಾಕಿಕೊಳ್ಳಿ. ಜಗಳಕ್ಕೆ ಇಳಿಯುವಾಗ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ: ಫ್ರೇಮ್‌ಗೆ ಮಿತಿ ಹಾಕುವುದು. 144 ಹರ್ಟ್ಸ್ ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ. ಆಟವನ್ನು 48ಕ್ಕೆ ನಿಲ್ಲಿಸಿದರೆ ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ನಿಲ್ಲುತ್ತದೆ. ಒಂದು ಜಾಸ್ತಿ ಹೊತ್ತು, ಇನ್ನೊಂದು ಕಡಿಮೆ ಹೊತ್ತು ಅನ್ನುವುದಿಲ್ಲ. 45ರಿಂದ 62ರವರೆಗೆ ಏರಿಳಿಯುವ ಆಟಕ್ಕಿಂತ ಒಂದೇ ಸಮ ಇರುವ 48 ಕಣ್ಣಿಗೆ ಎಷ್ಟು ಹಿತ ಅನ್ನುವುದನ್ನು ನೋಡಿಯೇ ತಿಳಿಯಬೇಕು. 120 ಹರ್ಟ್ಸ್ ಪರದೆಗೆ 40, 165 ಹರ್ಟ್ಸ್‌ಗೆ 55. ಮಿತಿಯನ್ನು ರಿವಾಟ್ಯೂನರ್ ಎಂಬ ತಂತ್ರಾಂಶದಲ್ಲಿ ಹಾಕಬಹುದು, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಹಾಕಬಹುದು. ಚಿಪ್ ತನ್ನ ಪೂರ್ತಿ ಶಕ್ತಿ ಹಾಕಬೇಕಾಗಿಲ್ಲದ ಕಾರಣ ಬಿಸಿಯೂ ಕಡಿಮೆ, ಫ್ಯಾನಿನ ಗದ್ದಲವೂ ಕಡಿಮೆ.

ಬಿಸಿಯ ಮಾತು ಬಂತು. ನಾನಿರುವುದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಸಿಕ್ಕ ಅಂಕಿ ಬೇಸಿಗೆಯಲ್ಲಿ ಸಿಗುವುದಿಲ್ಲ. ಲ್ಯಾಪ್‌ಟಾಪ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಬಿಸಿಯಿದ್ದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೂಲಿಂಗ್ ಪ್ಯಾಡ್ ಹಾಕಿ ನೋಡಿದೆ, ಹಿಂಭಾಗಕ್ಕೆ ಎರಡು ಮರದ ತುಂಡು ಇಟ್ಟೂ ನೋಡಿದೆ. ಅಗ್ಗದ ಪ್ಯಾಡಿಗೂ ಮರದ ತುಂಡಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಕೆಳಗೆ ಗಾಳಿಗೆ ಜಾಗ ಬೇಕು, ಅಷ್ಟೇ. ದೊಡ್ಡ ಬದಲಾವಣೆ ತಂದದ್ದು ಕಾಸು ಖರ್ಚಿಲ್ಲದ ಕೆಲಸ. ವಿಂಡೋಸ್ ಪವರ್ ಪ್ಲ್ಯಾನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿದರೆ ಪ್ರೊಸೆಸರ್‌ನ ಬೂಸ್ಟ್ ನಿಲ್ಲುತ್ತದೆ. ಬಿಸಿ ತಟ್ಟನೆ ಇಳಿಯುತ್ತದೆ, ಒಂದೇ ಹೀಟ್‌ಸಿಂಕ್ ಹಂಚಿಕೊಂಡಿರುವ ಗ್ರಾಫಿಕ್ಸ್ ಚಿಪ್‌ಗೂ ಉಸಿರಾಡಲು ಆಗುತ್ತದೆ. ನಷ್ಟ ಕಾಣುವುದು ಡಾಗ್‌ಟೌನ್‌ನಲ್ಲಿ. ಅಲ್ಲಿ ಪ್ರೊಸೆಸರ್‌ಗೇ ಕೆಲಸ ಜಾಸ್ತಿ. ಕ್ರೌಡ್ ಡೆನ್ಸಿಟಿಯನ್ನು ಲೋ ಮಾಡಿದರೆ ಅಲ್ಲೂ ಸಂಭಾಳಿಸಬಹುದು.

ಸೆಟ್ಟಿಂಗ್‌ಗಳಲ್ಲಿ ಎಲ್ಲವನ್ನೂ ಲೋ ಮಾಡುವ ಅಗತ್ಯವಿಲ್ಲ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಮತ್ತು ವಾಲ್ಯೂಮೆಟ್ರಿಕ್ ಫಾಗ್, ಈ ಎರಡು ಇಳಿಸಿದರೆ ಸಿಗುವ ಲಾಭ ಬೇರೆ ಹತ್ತು ಇಳಿಸಿದರೂ ಸಿಗುವುದಿಲ್ಲ. ಓರೆಯಾಗಿ ಕಾಣುವ ನೆಲ, ಗೋಡೆಯನ್ನು ಸ್ಪಷ್ಟವಾಗಿಸುವ ಆ್ಯನಿಸೋಟ್ರೋಪಿ 16 ಇಟ್ಟರೂ ಭಾರವಿಲ್ಲ. ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಕಡೆ ನೋಡಲೇಬೇಡಿ.

ದುಡ್ಡು ಹಾಕುವುದಾದರೆ ಮೊದಲು ರ‍್ಯಾಮ್‌ಗೆ ಹಾಕಿ. 8 ಜಿಬಿಯ ಒಂದೇ ಕಡ್ಡಿಯೊಂದಿಗೆ ಬಂದ ನನ್ನ ಲ್ಯಾಪ್‌ಟಾಪ್‌ಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇನ್ನೊಂದು 8 ಜಿಬಿ ಹಾಕಿಸಿದೆ. ಒಟ್ಟು 16 ಆಯಿತು, ಎರಡು ಚಾನೆಲ್ ಕೂಡ ಆಯಿತು, ಅಂದರೆ ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡುತ್ತವೆ. ಸರಾಸರಿ ಎಫ್‌ಪಿಎಸ್‌ಗಿಂತ ಜಾಸ್ತಿ ಸುಧಾರಿಸಿದ್ದು ತೀರಾ ನಿಧಾನವಾಗಿ ಬರುವ ಶೇ. 1ರಷ್ಟು ಫ್ರೇಮ್‌ಗಳ ಅಂಕಿ. ಆಟ ತಡವರಿಸುವುದು ಗೊತ್ತಾಗುವುದೇ ಅಲ್ಲಿ.

ಇದೆಲ್ಲ ಸೈಬರ್‌ಪಂಕ್‌ನ ಲೆಕ್ಕ. ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಟೆಕ್ಸ್‌ಚರ್ ಅಲ್ಟ್ರಾಕ್ಕಿಂತ ಕೆಳಗೆ ಇಳಿಸಿದರೆ ನೆಲ, ಬಟ್ಟೆ ಎಲ್ಲ ಕರಗಿದ ಹಾಗೆ ಕಾಣುತ್ತದೆ. ಅಲ್ಲಿ ಟೆಕ್ಸ್‌ಚರ್ ಅಲ್ಟ್ರಾ ಇಟ್ಟು ನೀರು, ನೆರಳು ಇಳಿಸಬೇಕು. 1080ಪಿಯಲ್ಲಿ ಅದು 4 ಜಿಬಿಯೊಳಗೇ ನಡೆಯುತ್ತದೆ. ಇನ್ನು ಕೆಲವು ಆಟಗಳಿಗೆ ಯಾವ ದಾರಿಯೂ ಸಾಲದು. 2024ರ ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್, 2025ರ ಡೂಮ್: ದಿ ಡಾರ್ಕ್ ಏಜಸ್ ಎರಡಕ್ಕೂ ಕನಿಷ್ಠ 8 ಜಿಬಿ ವಿಡಿಯೊ ಮೆಮೊರಿ ಮತ್ತು ರೇ ಟ್ರೇಸಿಂಗ್ ಇರುವ ಚಿಪ್ ಬೇಕು.

ಹೊಸದಾಗಿ ತಗೊಳ್ಳುವವರು ಡಬ್ಬದ ಮೇಲಿನ ಚಿಪ್ ಹೆಸರು ಮಾತ್ರ ಓದಬೇಡಿ. 4 ಜಿಬಿಯ ಆರ್‌ಟಿಎಕ್ಸ್ 3050 ಅನ್ನು ಲ್ಯಾಪ್‌ಟಾಪ್‌ಗಳಲ್ಲಿ 35 ವ್ಯಾಟ್‌ನಿಂದ 80 ವ್ಯಾಟ್‌ವರೆಗೆ ಕೊಟ್ಟಿದ್ದಾರೆ. ತೆಳ್ಳಗಿನ 35 ವ್ಯಾಟ್‌ನದ್ದು 80 ವ್ಯಾಟ್‌ನದ್ದರ ಹತ್ತಿರಕ್ಕೂ ಬರುವುದಿಲ್ಲ. 6 ಜಿಬಿಯ 3050 ಮತ್ತು 4050, 8 ಜಿಬಿಯ 5050 ಕೂಡ ಬಂದಿವೆ. ಅಂಗಡಿಯವರನ್ನು ಎರಡು ವಿಷಯ ಕೇಳಿ: ವಿಡಿಯೊ ಮೆಮೊರಿ ಎಷ್ಟು, ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ವ್ಯಾಟ್. ಅವರಿಗೆ ಗೊತ್ತಿಲ್ಲದಿದ್ದರೆ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಬಂದು, ತಯಾರಕರ ಪುಟದಲ್ಲಿ ಟಿಜಿಪಿ (ಗ್ರಾಫಿಕ್ಸ್ ಚಿಪ್‌ನ ವ್ಯಾಟ್) ಎಂಬ ಸಾಲು ಹುಡುಕಿ ನೋಡಿ, ಆಮೇಲೆ ದುಡ್ಡು ಕೊಡಿ.