ತುಮಕೂರಿನಲ್ಲಿ ಕೆಲಸದವರ ಅಗ್ರಿಮೆಂಟ್ ಬರೆಸಿದ್ದು: ಕೊಟ್ಟ ಫೀಸಿಗೆ ಮೋಸವಿಲ್ಲ

ತುಮಕೂರು ಕೋರ್ಟ್ ಹತ್ತಿರ ಆಫೀಸ್ ಇಟ್ಟುಕೊಂಡಿರುವ ಒಬ್ಬ ಲಾಯರ್ ಮೇಡಂ ಹತ್ತಿರ ನಮ್ಮ ಅಂಗಡಿಯವರಿಗೆಲ್ಲ ಅಗ್ರಿಮೆಂಟ್ ಬರೆಸಿದೆವು. ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡುತ್ತೇನೆ. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ, ಅದಕ್ಕೇ ಹೆಸರು ಹಾಕಿಲ್ಲ. ಆದರೆ ಕೆಲಸ ಹೇಗಿತ್ತು ಅಂತ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಸಣ್ಣ ಅಂಗಡಿಗಳಲ್ಲಿ ಇದೆಲ್ಲ ಬಾಯಿಮಾತಲ್ಲೇ ಮುಗಿದು, ಆಮೇಲೆ ದೀಪಾವಳಿ ಬೋನಸ್ ಹೊತ್ತಿಗೋ, ಯಾರಾದರೂ ಕೆಲಸ ಬಿಡುವ ಹೊತ್ತಿಗೋ ಜಗಳ ಶುರುವಾಗುತ್ತದೆ.

ನಮ್ಮದು ಸ್ಕೂಲ್ ಯೂನಿಫಾರ್ಮ್ ಅಂಗಡಿ. ಕಟಿಂಗ್ ಮಾಸ್ಟರ್, ಕೌಂಟರ್ ನೋಡಿಕೊಳ್ಳುವ ಇಬ್ಬರು ಹುಡುಗಿಯರು, ಪೀಸ್ ಲೆಕ್ಕದಲ್ಲಿ ಹೊಲಿಯುವ ಟೈಲರ್‌ಗಳು ಇದ್ದಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಹುಡುಗ ಬೇರೆ, ಅವನು ಸಿರಾ ಗೇಟ್ ಹತ್ತಿರ ತನ್ನ ಮನೆಯಲ್ಲೇ ಕೂತು ಮಾಡುತ್ತಾನೆ.

ಸ್ನೇಹಿತರೊಬ್ಬರು ನೆಟ್‌ನಿಂದ ಇಳಿಸಿಕೊಟ್ಟ ರೆಡಿ ಫಾರ್ಮ್ಯಾಟ್ ಒಂದನ್ನೂ ತಗೊಂಡು ಹೋಗಿದ್ದೆವು. ಅದರಲ್ಲಿ ಟೈಲರ್‌ಗಳನ್ನೆಲ್ಲ ‘ಸ್ವತಂತ್ರ ಗುತ್ತಿಗೆದಾರರು’, ಅಂದರೆ ಅಂಗಡಿಯ ಕೆಲಸದವರಲ್ಲ, ಹೊರಗಿಂದ ಕೆಲಸ ಒಪ್ಪಿಕೊಂಡು ಮಾಡಿಕೊಡುವವರು ಅಂತ ಬರೆದಿತ್ತು. ಮೇಡಂ ಅದನ್ನು ಪಕ್ಕಕ್ಕೆ ಸರಿಸಿ ಕೇಳೋಕೆ ಶುರು ಮಾಡಿದರು. ಮೆಷಿನ್ ಯಾರದ್ದು? ದಾರ, ಗುಂಡಿ ಯಾರು ತರುತ್ತಾರೆ? ಕಾಲರ್ ಸರಿಯಾಗಿ ಕೂತಿಲ್ಲ ಅಂದರೆ ಬಿಚ್ಚಿ ಮತ್ತೆ ಹೊಲಿ ಅನ್ನುವವರು ಯಾರು? ಎಲ್ಲದಕ್ಕೂ ‘ನಾವೇ’ ಅಂದೆವು. ಹಾಗಾದರೆ ಇವರು ನಿಮ್ಮ ಕೆಲಸಗಾರರೇ, ಕಾಗದದಲ್ಲಿ ಏನು ಬರೆದುಕೊಂಡರೂ ಅಷ್ಟೇ ಅಂದರು. 1973ರಲ್ಲೇ ಸಿಲ್ವರ್ ಜೂಬಿಲಿ ಟೈಲರಿಂಗ್ ಹೌಸ್ ಅನ್ನೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪೀಸ್ ರೇಟ್ ಟೈಲರ್‌ಗಳನ್ನು ಅಂಗಡಿಯ ಕೆಲಸಗಾರರು ಅಂತ ತೀರ್ಪು ಕೊಟ್ಟಿದೆಯಂತೆ. ನಮ್ಮ ಟೈಲರ್‌ಗಳ ಪಾಲಿಗೆ ಇದು ಎಷ್ಟು ದೊಡ್ಡ ವಿಷಯ ಅಲ್ವಾ? ರಜೆ, ಕೆಲಸದ ಹೊತ್ತು ಎಲ್ಲ ಇದರ ಮೇಲೇ ನಿಂತಿದೆ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕ ಪತ್ರ ಕೊಡಬೇಕು. ಅವನ್ನೂ ಅವರೇ ತಯಾರು ಮಾಡಿಕೊಟ್ಟರು. ಟೈಲರ್‌ಗಳ ಅಗ್ರಿಮೆಂಟಿನಲ್ಲಿ ಚಡ್ಡಿಗೆ ಎಷ್ಟು, ಶರ್ಟಿಗೆ ಎಷ್ಟು ಅಂತ ರೇಟು ಬಿಡಿಬಿಡಿಯಾಗಿ ಹಾಕಿದ್ದಾರೆ. ಶನಿವಾರ ಪೀಸ್ ಎಣಿಸಿ ಪುಸ್ತಕದಲ್ಲಿ ಇಬ್ಬರೂ ಸಹಿ ಮಾಡಬೇಕು. ಅಡ್ವಾನ್ಸ್ ಬಾಕಿ ಇದೆ ಅಂತ ಯಾರನ್ನೂ ಕೆಲಸ ಬಿಡದ ಹಾಗೆ ಹಿಡಿದಿಟ್ಟುಕೊಳ್ಳುವಂತಿಲ್ಲ, ಅದು 1976ರ ಜೀತ ನಿರ್ಮೂಲನೆ ಕಾಯ್ದೆಗೆ ಹೋಗಿ ಮುಟ್ಟುತ್ತದೆ ಅಂತ ಗಟ್ಟಿಯಾಗಿಯೇ ಹೇಳಿದರು. ಈ ಮಾತು ನನಗೆ ತುಂಬಾ ಹಿಡಿಸಿತು.

ರೆಡಿ ಫಾರ್ಮ್ಯಾಟಿನಲ್ಲಿ ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಯೂನಿಫಾರ್ಮ್ ಅಂಗಡಿ ಸೇರಬಾರದು’ ಅಂತಲೂ ಇತ್ತು. ಯಾರನ್ನೂ ಅವರ ಕಸುಬು ಮಾಡದ ಹಾಗೆ ತಡೆಯುವ ಒಪ್ಪಂದ ನಡೆಯಲ್ಲ ಅನ್ನುವ ಕಾಂಟ್ರಾಕ್ಟ್ ಕಾಯ್ದೆ 1872ರ 27ನೇ ಸೆಕ್ಷನ್ ಮುಂದೆ ಇದು ನಿಲ್ಲಲ್ಲ ಅಂತ ಕೆಂಪು ಪೆನ್ನಲ್ಲಿ ಹೊಡೆದುಹಾಕಿದರು. ಸುಮ್ನೆ ಹೆದರಿಸುವ ಸಾಲು ಬೇಡವೇ ಬೇಡ.

ಸಾಫ್ಟ್‌ವೇರ್ ಹುಡುಗನ ವಿಷಯವೇ ಬೇರೆ. ಅವನ ಲ್ಯಾಪ್‌ಟಾಪ್, ಅವನ ಟೈಮು, ಬೇರೆ ಗಿರಾಕಿಗಳೂ ಇದ್ದಾರೆ, ಅವನು ನಿಜವಾಗಿಯೂ ಕಾಂಟ್ರಾಕ್ಟರ್. ಸಂಬಳದವರು ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಮಾಲೀಕರದ್ದು, ಆದರೆ ಹೊರಗಿನವರು ಬರೆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಕಾಪಿರೈಟ್ ನಮ್ಮದಾಗಲ್ಲ, ಬರವಣಿಗೆಯಲ್ಲಿ ವರ್ಗಾಯಿಸಿಕೊಳ್ಳಬೇಕಂತೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತಲೇ ಲೆಕ್ಕ ಹಿಡಿಯುತ್ತದೆ. ಅವನನ್ನೂ ಕೂರಿಸಿಕೊಂಡು, ಅವನಿಗೆ ಒಪ್ಪಿಗೆಯಾಗುವ ಹಾಗೆ ಆ ಸಾಲು ಬರೆದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆಂದರೆ, ಮೊದಲ ಡ್ರಾಫ್ಟ್ ಪೂರ್ತಿ ಇಂಗ್ಲಿಷಿನಲ್ಲಿ ಬಂತು. ಸಹಿ ಮಾಡುವ ಟೈಲರಮ್ಮನಿಗೆ ಓದೋಕೆ ಬರದಿದ್ದರೆ ಏನು ಪ್ರಯೋಜನ? ಕೇಳಿದ ಮೇಲೆ ಕನ್ನಡದಲ್ಲಿ ಮಾಡಿಕೊಟ್ಟರು, ಆದರೆ ಒಂದು ವಾರ ಜಾಸ್ತಿ ಹಿಡಿಯಿತು. ಎಲ್ಲ ಸೇರಿ ಫೀಸು 6,000 ಆಯ್ತು, ಸ್ಟಾಂಪ್ ಪೇಪರ್ ಖರ್ಚು ಬೇರೆ.

ಇಂಥ ಕೆಲಸಕ್ಕೆ ಯಾವ ಲಾಯರ್ ಹತ್ತಿರ ಹೋದರೂ ಕನ್ನಡದಲ್ಲೇ ಬೇಕು ಅಂತ ಮೊದಲ ದಿನವೇ ಹೇಳಿ. ಕೋರ್ಟ್ ಮುಗಿದ ಮೇಲೆ ಸಂಜೆ ಹೋದರೆ ಆರಾಮಾಗಿ ಮಾತಿಗೆ ಸಿಗುತ್ತಾರೆ. ಹಾಜರಿ ಪುಸ್ತಕ, ಪೀಸ್ ಲೆಕ್ಕದ ಪುಸ್ತಕ ಮರೆಯಬೇಡಿ. ಸಾಧ್ಯವಾದರೆ ಕೆಲಸದವರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.